‘ತಮಾಷೆಗೆ ಅಂದೆ’



ಹೊಸೂರಿನ ಸಿಪ್ಕಾಟ್ ಕಡೆಯಿಂದ ಶಿಫ್ಟ್ ಮುಗಿಸಿ ಬರುವವರ ಬಸ್ಸಿನಲ್ಲಿ ಕುಳಿತರೆ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಸೀಟಿನಲ್ಲಿ ಕೇಳಿಸುತ್ತವೆ. ‘ಲೋ’, ‘ಡಾ’, ‘ರಾ’ ಎಂಬ ಬಾಲಗಳೂ ಅಷ್ಟೇ ಸಲೀಸು. ಗೆಳೆಯನ ಬಾಯಲ್ಲಿ ಅವು ಸಲಿಗೆ. ಮೇಲ್ವಿಚಾರಕರು ಹತ್ತು ಜನರ ಮುಂದೆ ಅಂದರೆ ಅವೇ ಪೆಟ್ಟು. ತಳಿ, ಡೆಂಕಣಿಕೋಟೆ ಕಡೆಯ ನಮ್ಮ ಹಳ್ಳಿಗನ್ನಡದಲ್ಲಿ ತಾತನನ್ನೂ ‘ಬಾ, ಕೂತ್ಕೋ’ ಎಂದೇ ಕರೆಯುವುದುಂಟು. ಅಗೌರವದ ಸುಳಿವೂ ಅದರಲ್ಲಿಲ್ಲ. ಅದೇ ಮಾತಿಗೆ ಪಟ್ಟಣದಿಂದ ಬಂದ ಇಂಜಿನಿಯರ್ ಮುಖ ಗಂಟಿಕ್ಕಬಹುದು. ಹೋಗಲಿ, ಇದು ಒಂದು ಲೋಟ ಚಹಾದ ಹೊತ್ತಿನಲ್ಲಿ ತಿಳಿಹೇಳಿ ಮುಗಿಸಬಹುದಾದ ಸಂಗತಿ.

‘ಕೊಂಗ’ ಎಂಬ ಪದ ಹಾಗಲ್ಲ. ಮೂಲದಲ್ಲಿ ಅದಕ್ಕೆ ಕೊಯಮತ್ತೂರು, ಈರೋಡು ಸುತ್ತಿನ ಕೊಂಗುನಾಡಿನವನು ಎಂಬಷ್ಟೇ ಅರ್ಥ. ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲೂ ಗೆದ್ದ ನಾಡುಗಳ ಸಾಲಿನಲ್ಲಿ ಕೊಂಗು ಇದೆ. ಆದರೆ ಇಂದು ಅದು ತಮಿಳರೆಲ್ಲರನ್ನೂ ಹೀಗಳೆಯುವ ಮಾತಾಗಿದೆ. 1991ರ ಡಿಸೆಂಬರ್‌ನಲ್ಲಿ ಕಾವೇರಿ ಗಲಭೆ ಎದ್ದಾಗ ಬೆಂಗಳೂರಿನ ಎಷ್ಟೋ ತಮಿಳು ಕುಟುಂಬಗಳು ಮನೆ ಬಿಟ್ಟು ತಮಿಳುನಾಡಿಗೆ ಬಂದವು. ಅಂಥವರ ಮಗನೊಬ್ಬ ಇಂದು ನಿಮ್ಮ ಪಕ್ಕದ ಯಂತ್ರದಲ್ಲೇ ದುಡಿಯುತ್ತಿರಬಹುದು. ಅವನಿಗೆ ಶಾಸನದ ಅರ್ಥ ಹೇಳಿ ಏನು ಪ್ರಯೋಜನ? ‘ತಮಾಷೆಗೆ ಅಂದೆ’ ಎಂದರೂ ಅಷ್ಟೆ. ತಮಾಷೆಯಾಗಿದ್ದರೆ ಅವನೂ ನಗುತ್ತಿದ್ದ. (ಗಡಿಯ ಈಚೆ ಕನ್ನಡದವರನ್ನು ಗೇಲಿ ಮಾಡುವ ತಮಿಳರಿಗೂ ಈ ಮಾತು ಸಲ್ಲುತ್ತದೆ.)

ಬೆಟ್ಟದ ಮೇಲಿನ ಪ್ರಬೋಧನೆಯಲ್ಲಿ ಯೇಸುಸ್ವಾಮಿ ಒಂದು ಬೈಗುಳವನ್ನು ಹೆಸರಿಸಿಯೇ ಹೇಳುತ್ತಾರೆ: ‘ರಾಕಾ’, ತಲೆ ಖಾಲಿ ಇರುವವನು ಎಂದು. ಸಂತ ಮತ್ತಾಯರ ಶುಭಸಂದೇಶ ನಮಗೆ ಬಂದಿರುವುದು ಗ್ರೀಕಿನಲ್ಲಿ. ಆದರೂ ಈ ಅರಮಾಯಿಕ್ ಪದ ಅಲ್ಲಿ ಹಾಗೆಯೇ ಉಳಿದಿದೆ. ಜೊತೆಗೆ ‘ಮೂರ್ಖ’ ಎನ್ನುವುದನ್ನೂ ಅವರು ಖಂಡಿಸುತ್ತಾರೆ. ಆದರೆ ಅದೇ ಶುಭಸಂದೇಶದ 23ನೇ ಅಧ್ಯಾಯದಲ್ಲಿ ಫರಿಸಾಯರನ್ನು ಸ್ವತಃ ಅವರೇ ಮೂರ್ಖರೆಂದು ಕರೆಯುತ್ತಾರಲ್ಲ! ಗ್ರೀಕಿನಲ್ಲೂ ಪದ ಒಂದೇ. ಒಂದು ಕಡೆ ಸಹೋದರನ ಮೇಲಿನ ಸಿಟ್ಟು, ಇನ್ನೊಂದು ಕಡೆ ಜನರನ್ನು ದಾರಿ ತಪ್ಪಿಸುವ ಮುಖಂಡರಿಗೆ ಎಚ್ಚರಿಕೆ. ಹಾಗಾದರೆ ಉದ್ದೇಶ ಒಳ್ಳೆಯದಿದ್ದರೆ ಸಾಕೇ? ಸಾಲದು. 5ನೇ ಅಧ್ಯಾಯದಲ್ಲಿ ‘ರಾಕಾ’ ಬಂದ ಮರುವಚನವನ್ನೇ ಓದಿ. ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು ಹೋಗಬೇಕಾದದ್ದು ನಮ್ಮ ಮನಸ್ಸಿನಲ್ಲಿ ಕೆಡುಕಿದ್ದಾಗ ಎಂದು ಅಲ್ಲಿಲ್ಲ. ಸಹೋದರನಿಗೆ ನಮ್ಮ ಮೇಲೆ ಮನಸ್ತಾಪವಿದೆಯೆಂದು ನೆನಪಾದಾಗ ಎಂದಿದೆ.

ನಮ್ಮ ದೇಶದ ಕಾನೂನೂ ಒಂದು ವಿಷಯದಲ್ಲಿ ಈ ಕಡೆಗೇ ಬಂದಿದೆ. ಕೆಲಸದ ಜಾಗದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಅಶ್ಲೀಲ ಮಾತು, ಸನ್ನೆಗಳನ್ನೂ ಒಳಗೊಳ್ಳುತ್ತದೆ. ಅಲ್ಲಿ ಮುಖ್ಯವಾಗಿ ಕೇಳುವ ಪ್ರಶ್ನೆ, ಆ ಮಾತು ಆಕೆಗೆ ಇಷ್ಟವಿತ್ತೇ ಎಂಬುದು. 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಸಾಮಾನ್ಯವಾಗಿ 3 ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಸಮಿತಿಯ ವಿವರವನ್ನು ಎದ್ದು ಕಾಣುವ ಜಾಗದಲ್ಲಿ ಹಾಕಿರಬೇಕು. ಹೊಸದಾಗಿ ಕಾರ್ಖಾನೆಗೆ ಸೇರುವ ನಮ್ಮ ಹೆಣ್ಣುಮಕ್ಕಳು ಆ ಫಲಕ ಎಲ್ಲಿದೆಯೆಂದು ಮೊದಲ ವಾರದಲ್ಲೇ ನೋಡಿಟ್ಟುಕೊಳ್ಳಲಿ.