ಗಾಳ ನಿಲ್ಲಿಸಿದರೆ ಕೆರೆಗೆ ಮೀನು ಬರುತ್ತದೆಯೇ?

ಸಿದ್ದಕಟ್ಟೆಯಿಂದ ಮೂಡುಬಿದಿರೆಗೆ ಹೋಗುವ ಮಾರ್ಗದಿಂದ ಸ್ವಲ್ಪ ಒಳಗೆ ನಮ್ಮ ಊರು. ಊರಿಗೊಂದು ಕೆರೆ ಉಂಟು, ಒಂದೂವರೆ ಎಕ್ರೆ ಇರಬಹುದು. ಈ ಸಲದ ಗ್ರಾಮಸಭೆಯಲ್ಲಿ ಆ ಕೆರೆಯ ಬಗ್ಗೆ ಎರಡು ಮಾತು ಬಂತು. ಮೀನು ಕಡಿಮೆಯಾಗಿದೆ, ಆದ್ದರಿಂದ ಗಾಳ ಹಾಕುವುದನ್ನು ಬಂದ್ ಮಾಡಬೇಕು ಎಂಬುದು ಒಂದು. ಮೀನು ಸಾಕುವುದಕ್ಕೆ ಕೆರೆಯನ್ನು ಏಲಂ ಹಾಕಬೇಕು ಎಂಬುದು ಇನ್ನೊಂದು. ಎರಡೂ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಸಭೆಯಲ್ಲಿ ಹೇಳಲು ಸಮಯ ಸಿಗಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಬೆಟ್ಟು ಗದ್ದೆಯವ. ಮಳೆ ಸರಿ ಬಂದರೆ ಏಣೆಲು ಬೆಳೆ, ಇಲ್ಲದಿದ್ದರೆ ಇಲ್ಲ. ಏಳನೇ ಕ್ಲಾಸಿನ ಮೇಲೆ ಕಲಿತವನಲ್ಲ. ಆದರೆ ಮನೆ ಇರುವುದು ತೋಡಿನ ಬದಿಯಲ್ಲಿ.

ಮೊದಲು ಗಾಳದ ವಿಷಯ. ಒಬ್ಬ ಬಿದಿರ ಕೋಲು, ಎರೆಹುಳ ಹಿಡಿದುಕೊಂಡು ಮಧ್ಯಾಹ್ನದಿಂದ ಸಂಜೆವರೆಗೆ ಕೂತರೆ ನಾಲ್ಕು ಮೀನು ಸಿಕ್ಕಿದರೆ ಪುಣ್ಯ. ಅದೂ ಹಸಿವಾದ ಮೀನು ತಾನಾಗಿ ಬಂದು ಕಚ್ಚಿದರೆ. ಇದರಿಂದ ಕೆರೆ ಬರಿದಾಗುವುದು ಹೇಗೆ ಮಾರಾಯ್ರೆ? ನಮ್ಮ ಅಜ್ಜನ ಕಾಲದಿಂದ ಗಾಳ ಉಂಟು, ಮೀನೂ ಇತ್ತು.

ಮೀನು ಹೋದದ್ದು ಉಬರಿನಲ್ಲಿ. ಉಬರ್ ಅಂದರೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಿನವರು ಹತ್ತುಮೀನು ಅನ್ನುತ್ತಾರೆ. ಮೊದಲ ಜಡಿಮಳೆಗೆ ಗದ್ದೆಯ ಕೆಂಪು ನೀರು ತೋಡಿಗೆ, ತೋಡಿನ ನೀರು ಹೊಳೆಗೆ ಇಳಿಯುತ್ತದೆ. ಮೀನು ಅದಕ್ಕೆ ಎದುರಾಗಿ ಮೇಲೆ ಹತ್ತುತ್ತದೆ. ಹೊಟ್ಟೆ ತುಂಬ ಮೊಟ್ಟೆ. ಅದಕ್ಕೆ ಬೇಕಾದದ್ದು ಗದ್ದೆಯ ತೆಳು ನೀರು. ಅಲ್ಲಿ ಸೆಳೆತ ಇಲ್ಲ, ನೀರು ಬೆಚ್ಚಗೆ, ಮರಿಗೆ ತಿನ್ನಲು ಸಣ್ಣ ಹುಳ ಧಾರಾಳ. ನೇಜಿಯ ಬುಡದಲ್ಲಿ ಮರಿಯಾಗಿ, ಮಳೆ ಬಿಡುವಾಗ ಇಳಿಯುವ ನೀರಿನ ಜೊತೆ ತೋಡಿಗೂ ಕೆರೆಗೂ ವಾಪಸು. ನಮ್ಮ ಕೆರೆಯ ಮುಗುಡು, ಮಡೆಂಜಿ ಎಲ್ಲ ಹೀಗೆ ಬಂದವು. ಯಾರೂ ತಂದು ಬಿಟ್ಟದ್ದಲ್ಲ.

ಹಿಂದೆಯೂ ಉಬರಿನಲ್ಲಿ ಹಿಡಿಯುತ್ತಿದ್ದರು, ಸುಳ್ಳು ಹೇಳುವುದಿಲ್ಲ. ಸೂಟೆ ಬೆಳಕು, ಕತ್ತಿ, ಕೂಳಿ. ಆದರೆ ಆಗ ಬೈಲು ಇಡೀ ಗದ್ದೆ. ಹತ್ತು ಕಡೆ ಹಿಡಿದರೆ ಇಪ್ಪತ್ತು ಕಡೆಯಿಂದ ಮೀನು ಹತ್ತಿ ಹೋಗುತ್ತಿತ್ತು. ಈಗ ಬೈಲು ಅಡಿಕೆ ತೋಟ ಆಗಿದೆ, ಮಜಲು ಹಡಿಲು ಬಿದ್ದಿದೆ. ಮೀನಿಗೆ ಉಳಿದದ್ದು ಒಂದೋ ಎರಡೋ ದಾರಿ, ಆ ದಾರಿಯಲ್ಲೇ ನಾವು ಟಾರ್ಚ್ ಹಿಡಿದು ನಿಂತಿರುತ್ತೇವೆ. ಕೆಲವರು ನೀರಿಗೆ ಕರೆಂಟ್ ಕೊಡುತ್ತಾರೆ. ಒಂದು ಮೊಟ್ಟೆ ಮೀನು ಸಾರಿಗೆ ಹೋಯಿತು ಅಂದರೆ ಸಾವಿರಗಟ್ಟಲೆ ಮರಿ ಹೋಯಿತು ಅಂತ ಲೆಕ್ಕ. ಕಡಲಿನಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಮಲ್ಪೆ, ಮಂಗಳೂರಿನವರು ಅಷ್ಟು ದಿನ ಬೋಟು ದಡಕ್ಕೆ ಕಟ್ಟುತ್ತಾರೆ. ನಮಗೆ ಹದಿನೈದು ದಿನ ಕತ್ತಿ ಮಾಡಿಗೆ ಸಿಕ್ಕಿಸಲು ಆಗುವುದಿಲ್ಲವಾ?

ಇನ್ನು ಕಿಂಡಿ ಅಣೆಕಟ್ಟು. ಹಿಂದೆ ಮಣ್ಣು, ಕಲ್ಲಿನ ಕಟ್ಟ ಹಾಕುತ್ತಿದ್ದೆವು, ಮೊದಲ ನೆರೆಗೆ ಅದೇ ಕೊಚ್ಚಿ ಹೋಗಿ ಮೀನಿಗೆ ಬಾಗಿಲು ತೆರೆಯುತ್ತಿತ್ತು. ಕಿಂಡಿ ಒಳ್ಳೆಯದೇ, ಬಾವಿಯ ನೀರು ನಿಂತದ್ದು ಅದರಿಂದ. ಆದರೆ ಹಲಗೆ ತಾನಾಗಿ ಕೊಚ್ಚಿ ಹೋಗುವುದಿಲ್ಲ, ಯಾರಾದರೂ ತೆಗೆಯಬೇಕು. ಹಾಕುವಾಗ ಊರೇ ಸೇರುತ್ತದೆ, ಫೋಟೊ ಪೇಪರಿಗೂ ಬರುತ್ತದೆ. ತೆಗೆಯುವಾಗ ಯಾರೂ ಇಲ್ಲ. ಮೇ ತಿಂಗಳಲ್ಲಿ ಜಡಿಮಳೆ ಬಂದರೆ ಮೀನು ಹಲಗೆಯ ಕೆಳಗೆ ರಾಶಿ ಬೀಳುತ್ತದೆ, ಬುಟ್ಟಿಯಲ್ಲಿ ಬಾಚುವುದು ಮಾತ್ರ.

ತೋಟೆ ಹಾಕುವುದು, ವಿಷ ಹಾಕುವುದು ತಪ್ಪು ಅಂತ 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಉಂಟು, ಬ್ರಿಟಿಷರ ಕಾಲದ್ದು. ಆದರೂ 1996ರಲ್ಲಿ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಶಿಶಿಲೇಶ್ವರ ದೇವಸ್ಥಾನದ ಎದುರಿನ ಕಪಿಲಾ ಹೊಳೆಗೆ ಯಾರೋ ವಿಷ ಹಾಕಿ ದೇವರ ಮೀನು ಸಾವಿರಗಟ್ಟಲೆ ಸತ್ತವು. ಅಲ್ಲಿ ಮೀನಿಗೆ ಸ್ಮಾರಕವೇ ಉಂಟು. ಈಗ ಹೋದರೆ ಕಾಲಿನ ಹತ್ತಿರ ಬಂದು ಅಕ್ಕಿ ತಿನ್ನುವಷ್ಟು ಮೀನು. ಹೊಳೆಯ ಆ ತುಂಡಿನಲ್ಲಿ ಯಾರೂ ಹಿಡಿಯುವುದಿಲ್ಲ, ಅಷ್ಟೇ ಗುಟ್ಟು.

ಬೇಕಂತ ಹಾಕಿದ್ದು ಮಾತ್ರ ವಿಷ ಅಲ್ಲ. ತೋಟದವರು ಬೇಜಾರು ಮಾಡಬಾರದು. ಕೊಳೆರೋಗಕ್ಕೆ ಬೋರ್ಡೊ ಬಿಡಲೇಬೇಕು, ಅದು ಗೊತ್ತುಂಟು. ನೂರು ಲೀಟರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಆದರೆ ಉಳಿದ ದ್ರಾವಣ ಚೆಲ್ಲುವುದು, ಡ್ರಮ್ಮು ತೊಳೆಯುವುದು ತೋಡಿನಲ್ಲೇ ಯಾಕೆ? ತಾಮ್ರ ಮೀನಿಗೆ ಆಗುವುದಿಲ್ಲ, ಮರಿಗಂತೂ ಸ್ವಲ್ಪ ಸಾಕು. ನಮ್ಮ ಮುರಕಲ್ಲಿನ ನೆಲದ ನೀರು ಮೆತ್ತಗಿನ ನೀರು, ಸುಣ್ಣದಂಶ ಕಡಿಮೆ. ಅಂಥ ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ಬೋರ್ಡೊ ಬಿಡುವ ಸಮಯವೂ ಮರಿ ಗದ್ದೆಯಲ್ಲಿ ಇರುವ ಸಮಯವೂ ಒಂದೇ. ಡ್ರಮ್ಮು ತೊಳೆದ ನೀರನ್ನು ತೋಟದ ಗುಂಡಿಗೆ ಬಿಟ್ಟರೆ ಖರ್ಚೇನಿಲ್ಲ.

ಈಗ ಏಲಂ. ಏಲಂ ಹಿಡಿದವ ಮೊದಲು ಕೆರೆ ಆರಿಸಿ, ಇದ್ದ ಮೀನನ್ನೆಲ್ಲ ತೆಗೆದು, ಕಾಟ್ಲ, ರೋಹು, ಮೃಗಾಲ್ ಮರಿ ಬಿಡುತ್ತಾನೆ. ಕಾಟ್ಲ ಮೇಲಿನ ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಮೂರೂ ಒಟ್ಟಿಗೆ ಆಗುತ್ತವೆ. ಆದರೆ ನಿಂತ ನೀರಿನಲ್ಲಿ ಇವು ಮರಿ ಹಾಕುವುದಿಲ್ಲ, ಹರಿಯುವ ಹೊಳೆ ಬೇಕು. 1957ರಲ್ಲಿ ಹೀರಾಲಾಲ್ ಚೌಧುರಿ ಅವರು ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸುವ ಉಪಾಯ ಕಂಡುಹಿಡಿದ ಮೇಲೆ ಮರಿ ಸುಲಭದಲ್ಲಿ ಸಿಗುತ್ತದೆ, ಆದರೆ ಪ್ರತಿ ವರ್ಷ ಹಣ ಕೊಟ್ಟು ತರಲೇಬೇಕು. ನಿಮ್ಮ ಜಾಗದಲ್ಲಿ ಸ್ವಂತ ಹೊಂಡ ಇದ್ದರೆ ಧಾರಾಳ ಮಾಡಿ, ಲಾಭ ಉಂಟು. ಊರಿನ ಕೆರೆಗೆ ಬೇಡ. ಹಿಂದೊಮ್ಮೆ ಯಾರೋ ತಂದು ಬಿಟ್ಟ ತಿಲಾಪಿಯಾ ಇವತ್ತಿಗೂ ನಮ್ಮ ಕೆರೆ ಬಿಟ್ಟು ಹೋಗಿಲ್ಲ. 1952ರಲ್ಲಿ ನಮ್ಮ ದೇಶಕ್ಕೆ ತಂದ ಆ ಮೀನು ಮೊಟ್ಟೆಯನ್ನು ಬಾಯಿಯಲ್ಲೇ ಕಾಯುತ್ತದೆ, ವರ್ಷಕ್ಕೆ ಹಲವು ಸಲ ಮರಿ. ಕೆರೆ ತುಂಬುತ್ತದೆ, ಆದರೆ ಒಂದೂ ಬೆಳೆಯುವುದಿಲ್ಲ. ಈಗ ಗಾಳಕ್ಕೆ ಬೀಳುವುದು ಅಂಗೈ ಅಗಲದ ಅದೇ ತಿಲಾಪಿಯಾ. ಅದನ್ನು ಹಿಡಿದು ಮುಗಿಸುವವರಿದ್ದರೆ ದಿನಾ ಬರಲಿ, ನಾನೇ ಎರೆಹುಳ ಕೊಡುತ್ತೇನೆ! ಆಫ್ರಿಕನ್ ಕ್ಯಾಟ್‌ಫಿಶ್ ಬಂದರಂತೂ ಮುಗಿಯಿತು. ಅದನ್ನು ಸಾಕಬಾರದು ಅಂತ ಸರಕಾರ ನಿಷೇಧಿಸಿದೆ, ಆದರೂ ಕದ್ದು ಸಾಕುವವರಿದ್ದಾರೆ. ಕೋಡಿ ಬಿದ್ದ ದಿನ ಅದು ತೋಡಿಗೆ ಇಳಿದು, ನಮ್ಮ ಮುಗುಡಿನ ಮರಿಯನ್ನೂ ಬಿಡುವುದಿಲ್ಲ.

ಮೂಡುಬಿದಿರೆಯಲ್ಲಿ 18 ಬಸದಿ, 18 ದೇವಸ್ಥಾನ, 18 ಕೆರೆ ಅಂತ ಮಾತುಂಟು. ಕೆರೆ ಹೂಳು ತೆಗೆಯುವ ಉತ್ಸಾಹ ಈಗ ಎಲ್ಲ ಕಡೆ ಬಂದಿದೆ, ಸಂತೋಷ. ಆದರೆ ನಾಲ್ಕೂ ಬದಿಗೆ ಗೋಡೆ ಕಟ್ಟಿ, ಕೋಡಿಯಲ್ಲಿ ಆಳೆತ್ತರದ ಕಾಂಕ್ರೀಟ್ ಮೆಟ್ಟಿಲು ಮಾಡಿದರೆ ಮೀನು ಹತ್ತುವುದು ಎಲ್ಲಿಂದ? ಕೋಡಿಯ ಒಂದು ಬದಿಗೆ ಕಾಡುಕಲ್ಲು ಹಾಸಿ ಇಳಿಜಾರು ಬಿಟ್ಟರೆ ಸಾಕು.

ನಮ್ಮ ಕೆರೆಯಿಂದ ಕೆಳಗೆ ಎರಡು ಕಿಂಡಿ ಉಂಟು. ಮೇ 15ರ ಒಳಗೆ ಹಲಗೆ ತೆಗೆಯಬೇಕು ಅಂತ ನಾವು ಐದಾರು ಮನೆಯವರು ಮಾತಾಡಿಕೊಂಡಿದ್ದೇವೆ. ಕೆಳಗಿನ ತೋಟದವರು ಇನ್ನೂ ಒಪ್ಪಿಲ್ಲ, ಮಳೆ ತಡವಾದರೆ ಪಂಪಿಗೆ ನೀರಿಲ್ಲ ಅನ್ನುತ್ತಾರೆ. ಅವರ ಮಾತಿನಲ್ಲೂ ನ್ಯಾಯ ಉಂಟು. ಎಲ್ಲ ಹಲಗೆ ಬೇಡ, ನಡುವಿನ ಒಂದು ಕಿಂಡಿಯದ್ದಾದರೂ ಮೊದಲ ಮಳೆಯ ದಿನವೇ ತೆಗೆಯಿರಿ ಅಂತ ಕೇಳಿದ್ದೇನೆ. ತೆಗೆಯಲು ಆಳಿಲ್ಲ ಅಂದರು. ನಾನು, ಮಗ ಇಬ್ಬರು ಬರುತ್ತೇವೆ ಅಂತ ಹೇಳಿಟ್ಟಿದ್ದೇನೆ.