ಹುಟ್ಟಿದ ಗಳಿಗೆ ಬರೀತೀರಿ, ನೀರು ಹೋದ ಗಳಿಗೆ ಬರೆದಿರಾ?

ಮಂಡ್ಯ ಸೀಮೆಯಲ್ಲಿ ಕೂಸು ಹುಟ್ಟಿತೆಂದರೆ ಮನೆಯವರು ಮೊದಲು ನೋಡುವುದು ಗಡಿಯಾರ. ಗಂಟೆ, ನಿಮಿಷ ಚೀಟಿಯಲ್ಲಿ ಬರೆದು ಜೋಯಿಸರಿಗೆ ತಲುಪಿಸಿಯೇ ಮುಂದಿನ ಮಾತು. ಅದೇ ಬಸುರಿಗೆ ನೀರು ಹೋದದ್ದು ಯಾವಾಗ ಎಂದು ಡಾಕ್ಟರು ಕೇಳಲಿ, 'ನೆನ್ನೆ ಸಂಜೆ ಇರಬೇಕು, ಹಸ ಕರೆಯೋ ಹೊತ್ತು' ಎಂದು ಉತ್ತರ ಬರುತ್ತದೆ. ಜಾತಕಕ್ಕೆ ಹುಟ್ಟಿದ ಗಳಿಗೆ ಸಾಕು. ಜೀವಕ್ಕೆ ನೀರು ಹೋದ ಗಳಿಗೆ ಬೇಕು.

ಇದಕ್ಕೆ ಒಂದು ಕಾರಣ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣು. ಡಾಕ್ಟರುಗಳು ಚುಟುಕಾಗಿ ಜಿಬಿಎಸ್ ಎನ್ನುತ್ತಾರೆ. 2025ರ ಆರಂಭದಲ್ಲಿ ಪುಣೆಯಲ್ಲಿ ಗಾಬರಿ ಎಬ್ಬಿಸಿದ ನರದ ಕಾಯಿಲೆಗೂ ಇದೇ ಮೂರಕ್ಷರ. ಆದರೆ ಅದೇ ಬೇರೆ, ಇದೇ ಬೇರೆ. ಈ ಸೂಕ್ಷ್ಮಾಣು ಎಷ್ಟೋ ಹೆಂಗಸರ ಕರುಳಿನಲ್ಲಿ, ಜನನಾಂಗದಲ್ಲಿ ತನ್ನ ಪಾಡಿಗೆ ಇರುತ್ತದೆ. ಸಾಮಾನ್ಯವಾಗಿ ತಾಯಿಗೆ ಏನೂ ಆಗುವುದಿಲ್ಲ. ಇದು ಕೊಳಕಿನಿಂದ ಬಂದದ್ದಲ್ಲ, ಅತ್ತೆ ಸೊಸೆಯನ್ನು ದೂರುವ ಹಾಗಿಲ್ಲ. ಆದರೆ ಹೆರಿಗೆಯ ವೇಳೆ ಕೂಸಿಗೆ ತಗುಲಿದರೆ ಕೆಲವು ಕೂಸುಗಳಿಗೆ ರಕ್ತದಲ್ಲಿ ನಂಜೇರುತ್ತದೆ. ನ್ಯುಮೋನಿಯಾ, ಮಿದುಳು ಪೊರೆಯ ಬಾವು ಆಗಬಹುದು. ಬೆಳಿಗ್ಗೆ ಹುಟ್ಟಿದ ಕೂಸು ಸಂಜೆಗೆ ಹಾಲು ಬಿಟ್ಟು ನರಳತೊಡಗುತ್ತದೆ.

ತಡೆಯುವ ಮದ್ದು ದುಬಾರಿಯದೇನಲ್ಲ. ಹಳೇ ಪೆನ್ಸಿಲಿನ್, ಇಲ್ಲವೇ ಆಂಪಿಸಿಲಿನ್. ನೋವು ಶುರುವಾದ ಮೇಲೆ ರಕ್ತನಾಳಕ್ಕೆ ಕೊಡಬೇಕು. ಹೆರಿಗೆಗೆ 4 ಗಂಟೆ ಮುಂಚೆ ಕೊಟ್ಟರೆ ಉತ್ತಮ. ಎಂಟನೇ ತಿಂಗಳಲ್ಲೇ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗಿದರೆ ಪ್ರಯೋಜನವಿಲ್ಲ. ಹೋದ ಸೂಕ್ಷ್ಮಾಣು ಹೆರಿಗೆ ಹೊತ್ತಿಗೆ ಮತ್ತೆ ಬಂದಿರುತ್ತದೆ.

ಅಮೆರಿಕದಲ್ಲಿ 36-37ನೇ ವಾರದಲ್ಲಿ ಎಲ್ಲ ಬಸುರಿಯರಿಗೂ ಹತ್ತಿಯ ಕಡ್ಡಿ ಸವರಿ ಪರೀಕ್ಷೆ ಮಾಡುತ್ತಾರೆ. ಹುಟ್ಟಿದ ಮೊದಲ ವಾರದ ಈ ಕಾಯಿಲೆ ಅಲ್ಲಿ 1990ರ ದಶಕದ ಆರಂಭದಲ್ಲಿ ಹತ್ತು ಸಾವಿರ ಕೂಸುಗಳಲ್ಲಿ ಸುಮಾರು 18ಕ್ಕೆ ಬರುತ್ತಿತ್ತು, 2015ರ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಈ ಪರೀಕ್ಷೆ ಮಾಡುವ ಪದ್ಧತಿ ಇಲ್ಲ. ಬ್ರಿಟನ್ನಿನಲ್ಲೂ ಎಲ್ಲರಿಗೂ ಮಾಡುವುದಿಲ್ಲ; ಅಪಾಯದ ಗುರುತು ನೋಡಿ ಇಂಜೆಕ್ಷನ್ ಕೊಡುತ್ತಾರೆ. ನಮಗೂ ಸದ್ಯಕ್ಕೆ ಇದೇ ದಾರಿ.

ಆ ಗುರುತುಗಳು ಯಾವುವು? 37 ವಾರ ತುಂಬುವ ಮೊದಲೇ ನೋವು ಬರುವುದು, ನೀರು ಹೋಗಿ 18 ಗಂಟೆ ಕಳೆಯುವುದು, ತಾಯಿಗೆ 100.4 ಡಿಗ್ರಿ ಜ್ವರ, ಮೂತ್ರದಲ್ಲಿ ಈ ಸೂಕ್ಷ್ಮಾಣು ಕಂಡಿರುವುದು, ಹಿಂದಿನ ಕೂಸಿಗೆ ಈ ನಂಜು ಆಗಿರುವುದು. ಗಡಿಯಾರ ನೋಡದಿದ್ದರೆ 18 ಗಂಟೆಯ ಲೆಕ್ಕ ಯಾರು ಹೇಳಬೇಕು?

'ಇದೆಲ್ಲ ಫಾರಿನ್ ಮಾತು, ನಮ್ಮ ತಾಲ್ಲೂಕಿಗೆ ಆಗೋ ಹೋಗೋ ಕೆಲಸವಾ?' ಎನ್ನುವವರಿದ್ದಾರೆ. ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯಲ್ಲಿ ತಾಯಿಗೆ ಆಂಟಿಬಯೋಟಿಕ್ ಬೇಕೇ ಎಂಬ ಪ್ರಶ್ನೆಯೇ ಇದೆ, 18 ಗಂಟೆಯ ಲೆಕ್ಕವೂ ಇದೆ. ಆ ಪಟ್ಟಿಯನ್ನು 2010ರಲ್ಲಿ ಪ್ರಯೋಗಿಸಿದ್ದು ಕರ್ನಾಟಕದ್ದೇ ಒಂದು ತಾಲ್ಲೂಕು ಮಟ್ಟದ ಹೆರಿಗೆ ಆಸ್ಪತ್ರೆಯಲ್ಲಿ. ಮೊದಲು 29 ಕೆಲಸಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದವು; ಪಟ್ಟಿ ಕೈಗೆ ಬಂದ ಮೇಲೆ 25 ನಡೆದವು. ಒಂದು ಹಾಳೆ ಕಾಗದ ಮಾಡಿದ ಕೆಲಸ ಅದು.

ನಮ್ಮ ಜಿಲ್ಲೆಯ ತೊಡಕು ದಾರಿಯದು. ಹಲಗೂರು ಕಡೆಯ ಬಸುರಿ ಮಳವಳ್ಳಿಗೆ ಬರಬೇಕು, ಬೆಸಗರಹಳ್ಳಿ, ಕೊಪ್ಪದ ಕಡೆಯವರು ಮದ್ದೂರಿಗೆ. ಕಷ್ಟದ ಹೆರಿಗೆಯಾದರೆ ಅಲ್ಲಿಂದ ಮಂಡ್ಯದ ಮಿಮ್ಸ್‌ಗೆ. ಅಷ್ಟರಲ್ಲಿ ಆ 4 ಗಂಟೆಯಲ್ಲಿ ಎಷ್ಟೋ ದಾರಿಯಲ್ಲೇ ಕಳೆದುಹೋಗುತ್ತದೆ. ಇನ್ನು ಚೊಚ್ಚಲು ಹೆರಿಗೆ ತವರಿನಲ್ಲಿ. ಮದ್ದೂರಿನಲ್ಲಿ ಮಾಡಿಸಿದ ಮೂತ್ರದ ರಿಪೋರ್ಟು ಗಂಡನ ಮನೆಯ ಬೀರುವಿನಲ್ಲಿ, ಬಸುರಿ ಮಳವಳ್ಳಿಯ ತಾಯಿ ಮನೆಯಲ್ಲಿ!

ಆದ್ದರಿಂದ ಜಿಲ್ಲಾ ಆರೋಗ್ಯ ಇಲಾಖೆ ಎರಡು ಕೆಲಸ ಮಾಡಲಿ. ನೀರು ಹೋದ ಗಂಟೆಯನ್ನು ತಾಯಿ ಕಾರ್ಡಿನಲ್ಲಿ ಎದ್ದು ಕಾಣುವಂತೆ ಬರೆಸಲಿ. ಅಪಾಯದ ಗುರುತಿದ್ದವರಿಗೆ ಮೊದಲ ಡೋಸನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಕೊಟ್ಟು, ಕೊಟ್ಟ ಗಂಟೆ ಬರೆದು, ಆಮೇಲೆ ಮಂಡ್ಯಕ್ಕೆ ಕಳಿಸುವುದು ಕಡ್ಡಾಯವಾಗಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಟೆಂಡರೂ ಬೇಡ.

ಹಾಗೆಂದು ಎಲ್ಲರಿಗೂ ಸೂಜಿ ಚುಚ್ಚಿ ಎಂದಲ್ಲ. ಬೇಡದ ಕಡೆ ಆಂಟಿಬಯೋಟಿಕ್ ಸುರಿದರೆ ಮುಂದೆ ಅದು ಕೆಲಸಕ್ಕೆ ಬಾರದಂತಾಗುತ್ತದೆ. ಪೆನ್ಸಿಲಿನ್ ಆಗದವರು ಮೊದಲೇ ಹೇಳಬೇಕು. ಅವರಿಗೆ ಬೇರೆ ಮದ್ದು ಇದೆ. ಇಂಜೆಕ್ಷನ್ ಆಯಿತೆಂದು ಕೂಸಿನ ಮೇಲೆ ನಿಗಾ ತಪ್ಪಿಸುವಂತೆಯೂ ಇಲ್ಲ, ಮೊದಲ ವಾರ ಕಳೆದ ಮೇಲೆ ಬರುವ ನಂಜನ್ನು ಅದು ತಡೆಯುವುದಿಲ್ಲ. ಕೂಸು ಹಾಲು ಕುಡಿಯದೆ, ಮಂಕಾಗಿ, ಬಿರುಸಾಗಿ ಉಸಿರಾಡಿದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮನೆಯವರ ಪಾಲಿನ ಕೆಲಸ ಸಣ್ಣದು. 'ನೋವು ಬರ್ಲಿ ತಡಿ ಕಣವ್ವ, ಬೆಳಗಿನ ಬಸ್ಸಿಗೆ ಹೋದ್ರಾಯ್ತು' ಎಂಬ ಮಾತು ಬಿಡಬೇಕು. ನೀರು ಹೋದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಗಂಟೆ ಬರೆದು 108ಕ್ಕೆ ಫೋನ್ ಮಾಡಲಿ. ತಾಯಿ ಕಾರ್ಡು, ಹಳೇ ರಿಪೋರ್ಟು ಬಸುರಿಯ ಜೊತೆಯಲ್ಲೇ ಹೋಗಲಿ. ಜೋಯಿಸರ ಚೀಟಿ ಆಮೇಲೆ ಬರೆದರೂ ನಡೆಯುತ್ತದೆ.