ಎದೆಯಲ್ಲಿ ನೀರು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಕಡೆ ಹಿರಿಯರೊಬ್ಬರಿಗೆ ಏದುಸಿರು ಹತ್ತಿ, ಎದೆಯಲ್ಲಿ ನೀರು ತುಂಬಿದೆಯೆಂದು ವೈದ್ಯರು ನುಡಿದರೆ, ಮನೆಯವರ ಶಂಕೆ ಮೊದಲು ಹರಿಯುವುದು ಕ್ಷಯದ ಕಡೆಗೆ. ಅನೇಕ ವೇಳೆ ಅದು ನಿಜವೂ ಹೌದು. ಆದರೆ ಕ್ಷಯದ ಔಷಧಿಗೆ ಜಗ್ಗದೆ ನೀರು ಮತ್ತೆ ಮತ್ತೆ ತುಂಬುತ್ತಿದ್ದರೆ ಒಂದು ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕು: "ಯಜಮಾನರು ತಾರುಣ್ಯದಲ್ಲಿ ಎಲ್ಲಿ, ಯಾವ ಕೆಲಸ ಮಾಡುತ್ತಿದ್ದರು?"

ಕಲ್ನಾರಿನ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಸೇರಿ, 20ರಿಂದ 50 ವರ್ಷಗಳ ತರುವಾಯ ಶ್ವಾಸಕೋಶದ ಹೊದಿಕೆಯಲ್ಲಿ ಹುಟ್ಟಿಸುವ ಅರ್ಬುದಕ್ಕೆ ಮೆಸೊಥೆಲಿಯೋಮ ಎಂದು ಹೆಸರು. ನಮ್ಮ ಚಾವಣಿಗಳ ಎಷ್ಟೋ ಸಿಮೆಂಟ್ ಶೀಟುಗಳಲ್ಲಿರುವುದೂ ಇದೇ ಕಲ್ನಾರು. ಅದರ ಕೆಳಗೆ ವಾಸಿಸುವವರಿಗಿಂತ ಅದನ್ನು ಕೊಯ್ದು ಕೊರೆದವರಿಗೆ, ಕಾರ್ಖಾನೆಯ ಧೂಳಿನಲ್ಲಿ ದುಡಿದವರಿಗೆ ಅಪಾಯ ಹೆಚ್ಚು. ರೋಗ ವಿರಳ, ಆದುದರಿಂದಲೇ ಕಣ್ತಪ್ಪುವುದೂ ಸುಲಭ. ನೀರಿನ ಪರೀಕ್ಷೆಯೊಂದೇ ಸಾಲದು, ಹೊದಿಕೆಯ ಚೂರನ್ನು ತೆಗೆದು ಪರೀಕ್ಷಿಸಬೇಕು. ಅದಕ್ಕೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಿಗೋ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗಬೇಕಾದೀತು.

ಈ ರೋಗ ನಿರ್ಮೂಲವಾಗುವುದು ತೀರ ಅಪರೂಪ. ಮರೆಮಾಚಿ ಪ್ರಯೋಜನವಿಲ್ಲ. "ಹೊಲ ಮಾರಿಯಾದರೂ ಆಪರೇಷನ್ ಮಾಡಿಸೋಣ" ಎನ್ನುವ ಮಕ್ಕಳ ಮಮತೆ ದೊಡ್ಡದು. ಆದರೆ ಅವರು ಇದನ್ನೂ ಅರಿತಿರಲಿ. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಕೀಮೋಥೆರಪಿಯನ್ನಷ್ಟೇ ಪಡೆದವರಲ್ಲಿ ಅರ್ಧದಷ್ಟು ಜನ ಸುಮಾರು 25 ತಿಂಗಳು ದಾಟಿದರು. ಜೊತೆಗೆ ದೊಡ್ಡ ಶಸ್ತ್ರಕ್ರಿಯೆಯನ್ನೂ ಮಾಡಿಸಿಕೊಂಡವರಲ್ಲಿ ಅರ್ಧದಷ್ಟು ಜನ ದಾಟಿದ್ದು 19 ತಿಂಗಳು. ಶಸ್ತ್ರಕ್ರಿಯೆಯನ್ನು ತಾಳಬಲ್ಲರೆಂದು ಆರಿಸಿದ ರೋಗಿಗಳಲ್ಲೇ ಹೀಗಾಯಿತು!

ಪೆಮೆಟ್ರೆಕ್ಸೆಡ್, ಸಿಸ್‌ಪ್ಲಾಟಿನ್ ಔಷಧಿಗಳನ್ನು ಮೂರು ವಾರಕ್ಕೊಮ್ಮೆ ಕೊಡುವ ಕ್ರಮ 2004ರಿಂದ ರೂಢಿಯಲ್ಲಿದೆ. ಇಮ್ಯುನೊಥೆರಪಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು; ಬೆಲೆ ಕೇಳಿದ ಗೃಹಸ್ಥ ಕಂಗೆಡುತ್ತಾನೆ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಡಿ ಯಾವುದಕ್ಕೆ ನೆರವುಂಟೆಂದು ಮೊದಲೇ ವಿಚಾರಿಸುವುದು ಲೇಸು.

ಇವೆಲ್ಲಕ್ಕಿಂತ ಮೊದಲು ಬೇಕಾದುದು ಸರಾಗವಾದ ಉಸಿರು. ನೀರು ತೆಗೆದ ಬಳಿಕ ಶುದ್ಧಗೊಳಿಸಿದ ಟಾಲ್ಕ್ ಪುಡಿಯಿಂದ ಹೊದಿಕೆಯ ಎರಡು ಪದರಗಳನ್ನು ಅಂಟಿಸಿದರೆ ಅದು ಮರಳಿ ತುಂಬುವುದು ಬಹುಮಟ್ಟಿಗೆ ತಪ್ಪುತ್ತದೆ. ಇಲ್ಲವೇ ಸಣ್ಣ ನಳಿಕೆಯನ್ನಿರಿಸಿ ಮನೆಯಲ್ಲೇ ನೀರನ್ನು ಹೊರಹಾಕಬಹುದು. ನೋವಿಗೆ ಮಾರ್ಫಿನ್ ಉಂಟು. ಇದನ್ನು 'ಕೈಬಿಟ್ಟ ರೋಗಿಯ ಉಪಚಾರ' ಎನ್ನುವವರಿದ್ದಾರೆ, ನಾನು ಒಪ್ಪಲಾರೆ. 'ಚಿಕಿತ್ಸೆ'ಯ ಧಾತುವಾದ 'ಚಿತ್' ಎಂಬುದಕ್ಕೆ ಅರಿಯುವುದು, ಲಕ್ಷ್ಯವಿಡುವುದು ಎಂದರ್ಥ. ರಾತ್ರಿಯೆಲ್ಲ ಗೋಡೆಗೊರಗಿ ಕುಳಿತಿದ್ದ ತಂದೆ ಹಾಸಿಗೆಗೆ ಬೆನ್ನು ಹಚ್ಚಿ ನಿದ್ರಿಸಿದರೆ ಅದು ಚಿಕಿತ್ಸೆಯಲ್ಲವೆ?

ಇನ್ನೊಂದು ಮಾತು. ಕಲ್ನಾರಿನ ಕಾರ್ಖಾನೆಗಳು ಕೆಲಸಗಾರರ ಆರೋಗ್ಯದ ದಾಖಲೆಯನ್ನು 40 ವರ್ಷ ಕಾದಿಡಬೇಕೆಂದು ಸುಪ್ರೀಂ ಕೋರ್ಟು 1995ರಲ್ಲಿ ಆಜ್ಞಾಪಿಸಿತು. ಹಳೆಯ ಟ್ರಂಕಿನಲ್ಲಿ ತಂದೆಯ ಸಂಬಳದ ಚೀಟಿ ಸಿಕ್ಕರೆ, ಹುಬ್ಬಳ್ಳಿಗೆ ಹೊರಡುವಾಗ ಎಕ್ಸ್‌ರೇ ಜೊತೆಗೆ ಅದನ್ನೂ ಇಟ್ಟುಕೊಳ್ಳಿ.